ಕೂರುವುದನ್ನು ಕಲಿಸಿದ ಪಿ.ಟಿ. ಮೇಷ್ಟ್ರಿಗೆ

ಕಳೆದ ಭಾನುವಾರ, 13 ತಿಂಗಳಾದ ಮೇಲೆ, ನನ್ನ ಬೆನ್ನಿಗೆ ಮತ್ತೆ ಕೈ ತಾಗಿತು. "ಖೋ!" ಅಂತ ಕೂಗು ಕೇಳಿಸಿತು. ಎದ್ದು ಓಡಿದೆ. 9 ನಿಮಿಷದ ಚೇಸಿಂಗ್‌ನಲ್ಲಿ ಇಬ್ಬರನ್ನು ಔಟ್ ಮಾಡಿದೆ. ಪಂದ್ಯ ಸೋತೆವು, ಆದರೆ ಮಂಡಿ ನೋಯಲಿಲ್ಲ. ಮನೆಗೆ ಬಂದು ಅಮ್ಮನನ್ನು ತಬ್ಬಿಕೊಂಡು ಅತ್ತುಬಿಟ್ಟೆ.

ಥ್ಯಾಂಕ್ಸ್ ಹೇಳಬೇಕಾದವರು ತುಂಬಾ ಜನ ಇದ್ದಾರೆ. ಮೊದಲು ನನ್ನ ಹೈಸ್ಕೂಲಿನ ಪಿ.ಟಿ. ಮೇಷ್ಟ್ರು. ಹೆಸರು ಬರೆಯಬೇಡ ಅಂದಿದ್ದಾರೆ. ಹಾಗಾಗಿ ಇಲ್ಲೂ ಅವರು ಬರೀ ಸರ್.

ಎಂಟನೇ ಕ್ಲಾಸಿನಲ್ಲಿ ನಾನು ಜೋರಾಗಿ ಓಡುತ್ತಿದ್ದೆ. ಅದಕ್ಕೇ ಟೀಮಿಗೆ ಸೇರಿಸಿಕೊಂಡರು ಅಂದುಕೊಂಡಿದ್ದೆ. ಮೊದಲ ಹದಿನೈದು ದಿನ ಸರ್ ನನ್ನನ್ನು ಓಡಿಸಲೇ ಇಲ್ಲ. ಚೌಕದಲ್ಲಿ ಕೂರಿಸಿದರು. ಖೋ ಖೋ ನೋಡಿದವರಿಗೆ ಗೊತ್ತು, ಅಟ್ಟುವ ತಂಡದ ಒಂಬತ್ತು ಜನರಲ್ಲಿ ಎಂಟು ಜನ ಕೂತೇ ಇರುತ್ತಾರೆ. ಒಬ್ಬಳ ಮುಖ ಆ ಕಡೆ, ಪಕ್ಕದವಳ ಮುಖ ಈ ಕಡೆ. ಖೋ ಸಿಗುವ ಮೊದಲೇ ಎದ್ದರೆ ಫೌಲ್. ಸಿಕ್ಕ ಮೇಲೆ ಒಂದು ಚಿಟಿಕೆಯಷ್ಟು ತಡವಾದರೂ ರನ್ನರ್ ಕೈಗೆ ಸಿಗಲ್ಲ. ಭಾರವೆಲ್ಲ ಮುಂಗಾಲಿನ ಮೇಲೆ, ಬೆರಳ ತುದಿ ನೆಲಕ್ಕೆ, ಕಣ್ಣು ರನ್ನರ್ ಮೇಲೆ. ತೊಡೆ ಉರಿಯುತ್ತಿತ್ತು. "ಸುಮ್ನೆ ಕೂತಿದ್ದೀಯಾ, ಆಡ್ತಾ ಕೂತಿದ್ದೀಯಾ?" ಇದು ಸರ್ ದಿನಾ ಕೇಳುತ್ತಿದ್ದ ಪ್ರಶ್ನೆ. ಬೇರೆ ಮಾತು ಜಾಸ್ತಿ ಇರಲಿಲ್ಲ.

ಮನೆಯಲ್ಲಿ ಹೆಣ್ಣುಮಕ್ಕಳನ್ನು ಸಂಜೆ ಪ್ರಾಕ್ಟೀಸಿಗೆ ಕಳಿಸಲು ಹೆದರುತ್ತಿದ್ದರು. ಅದು ತಪ್ಪೇನಲ್ಲ, ಶಾಲೆಯಿಂದ ನಮ್ಮೂರಿಗೆ ಎರಡು ಕಿಲೋಮೀಟರ್ ಗದ್ದೆ ಬಯಲಿನ ದಾರಿ. ಸರ್ ಮನೆಗೆ ಬಂದಾಗ ಮೆಡಲ್, ಸರ್ಟಿಫಿಕೇಟ್ ಅಂತೆಲ್ಲ ಏನೂ ಹೇಳಲಿಲ್ಲ. "ಕತ್ತಲಾಗೋ ಮುಂಚೆ ನಾನೇ ಕರ್ಕೊಂಡು ಬಂದು ಬಿಡ್ತೀನಿ" ಅಂದರು. ಮೂರು ವರ್ಷ ಬಿಟ್ಟರು. ಅವರ ಹತ್ತಿರ ಸೈಕಲ್ ಇತ್ತು, ಆದರೆ ಐದು ಜನ ಹುಡುಗಿಯರು ನಡೆಯುವಾಗ ಅವರು ಸೈಕಲ್ ಹತ್ತುತ್ತಿರಲಿಲ್ಲ. ತಳ್ಳಿಕೊಂಡು ನಮ್ಮ ಜೊತೆ ನಡೆಯುತ್ತಿದ್ದರು. ಆ ಟೈರಿನ ಸದ್ದು ಈಗಲೂ ಕಿವಿಯಲ್ಲಿದೆ.

ವಲಯ ಮಟ್ಟ, ತಾಲ್ಲೂಕು ಮಟ್ಟ ಗೆದ್ದು ಒಮ್ಮೆ ಜಿಲ್ಲಾ ಮಟ್ಟಕ್ಕೂ ಹೋದೆವು. ಆಮೇಲೆ ಕಾಲೇಜು ಟೀಮಿಗೆ ಆಡಿದೆ.

ಮಂಡಿ ಹೋಗಿದ್ದು 2024ರ ನವೆಂಬರ್‌ನಲ್ಲಿ. ಕಂಬ ಹಿಡಿದು ತಿರುಗುವಾಗ ಕಾಲು ನೆಲದಲ್ಲೇ ನಿಂತಿತು, ಮೈ ತಿರುಗಿತು. ಟಪ್ ಅಂತ ಸದ್ದು. ಲಿಗಮೆಂಟ್ ಹರಿದಿತ್ತು. ಮೈಸೂರಿನಲ್ಲಿ ಆಪರೇಷನ್ ಆಯಿತು. ಕಡಿಮೆ ಅಂದರೂ ಒಂಬತ್ತು ತಿಂಗಳು ಆಟ ಬೇಡ ಅಂದರು ಡಾಕ್ಟರು. ಇನ್ನು ಆಡಲ್ಲ ಅಂತ ನಾನೇ ತೀರ್ಮಾನ ಮಾಡಿ ಶೂ ಅನ್ನು ತಂಗಿಗೆ ಕೊಟ್ಟುಬಿಟ್ಟೆ.

ಸರ್ ನೋಡಲು ಬಂದರು. ಕೈಯಲ್ಲಿ ಎಳನೀರು, ಕಂಕುಳಲ್ಲಿ ಶಾಲೆಯ ಸ್ಕೋರ್ ಪುಸ್ತಕ. "ಕೂರೋದು ನಿಂಗೆ ಬರುತ್ತೆ ಅಲ್ವಾ? ಬಾ, ಸ್ಕೋರ್ ಬರೆಯೋಕೆ ಜನ ಬೇಕು" ಅಂದರು.

ಊರುಗೋಲು ಬಿಟ್ಟ ಮೇಲೆ ದಿನಾ ಸಂಜೆ ಮೈದಾನದ ಅಂಚಲ್ಲಿ ಕುರ್ಚಿ ಹಾಕಿಸಿಕೊಂಡು ಕೂತೆ. ಯಾರು ಎಷ್ಟು ಸೆಕೆಂಡ್ ನಿಂತರು, ಯಾರು ಯಾವ ಕಂಬದ ಹತ್ತಿರ ಸಿಕ್ಕಿಬೀಳುತ್ತಾರೆ, ಎಲ್ಲ ಬರೆದೆ. ಆಡುವಾಗ ಕಾಣದೇ ಇದ್ದದ್ದು ಆ ಕುರ್ಚಿಯಿಂದ ಕಂಡಿತು. ನಾನೂ ಎಡಗಡೆಯ ಕಂಬದಲ್ಲೇ ಜಾಸ್ತಿ ಔಟ್ ಆಗುತ್ತಿದ್ದೆ ಅಂತ ಹಳೆಯ ಪುಟ ತಿರುವಿದಾಗ ಗೊತ್ತಾಯಿತು.

ಆಪರೇಷನ್ ಆಗಿ ತಿಂಗಳು ಕಳೆಯುವಷ್ಟರಲ್ಲೇ, 2025ರ ಜನವರಿಯಲ್ಲಿ, ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆದಿತ್ತು. ಫೈನಲ್ ದಿನ ಸರ್ ಟೀಮಿನ ಹುಡುಗಿಯರನ್ನೆಲ್ಲ ನಮ್ಮ ಮನೆಗೇ ಕರೆದುಕೊಂಡು ಬಂದರು. ಮಂಚದ ಸುತ್ತ ಕೂತು ನೋಡಿದೆವು. ನಮ್ಮ ಹುಡುಗಿಯರು ನೇಪಾಳವನ್ನು 78-40ರಿಂದ ಸೋಲಿಸಿದರು. ಆ ಪಂದ್ಯದ ಶ್ರೇಷ್ಠ ಆಟಗಾರ್ತಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ. ನಮ್ಮ ಕಡೆಯ ಹುಡುಗಿ, ನಮ್ಮ ಹಾಗೇ ಹಳ್ಳಿಯ ಮಣ್ಣಿನಲ್ಲಿ ಆಡಿ ಬೆಳೆದವಳು! ಸರ್ ಕನ್ನಡಕ ತೆಗೆದು ಒರೆಸಿಕೊಂಡರು. ಅವತ್ತು ರಾತ್ರಿ ತಂಗಿಯಿಂದ ಶೂ ವಾಪಸ್ ಇಸ್ಕೊಂಡೆ.

ಮಂಡಿ ಮಡಚಿದರೆ ಸಾಕು ಅಳುತ್ತಿದ್ದ ನನ್ನನ್ನು ತಾಳ್ಮೆಯಿಂದ ನಡೆಸಿದ ಫಿಸಿಯೋ ಮೇಡಂ, ನಿಮಗೆ ನಮಸ್ಕಾರ. ಮಳೆಗಾಲದಲ್ಲಿ ಕೆಸರಾದ ಮೈದಾನಕ್ಕೆ ಟ್ರ್ಯಾಕ್ಟರ್‌ನಲ್ಲಿ ಮಣ್ಣು ಹೊಡೆಸಿಕೊಟ್ಟ ಊರಿನವರಿಗೂ. ಕ್ಯಾಪ್ಟನ್ ಆಗಿದ್ದ ನನ್ನ ಗೆಳತಿಗೆ ಬೇರೆಯಾಗಿ ಹೇಳಬೇಕು. ಅಷ್ಟೂ ತಿಂಗಳು ಟೀಮ್ ಲಿಸ್ಟಿನಲ್ಲಿ ನನ್ನ ಹೆಸರು ಹೊಡೆದು ಹಾಕಲಿಲ್ಲ ಅವಳು. ಅಮ್ಮ, ನಿನಗೆ ಇಲ್ಲಿ ಬರೆದು ಮುಗಿಸಲು ಆಗಲ್ಲ.

ಸರ್, ಮುಂದಿನ ವರ್ಷ ನೀವು ರಿಟೈರ್ ಆಗುತ್ತೀರಿ ಅಂತ ಹುಡುಗಿಯರು ಹೇಳಿದರು. ಅಲ್ಲಿಯವರೆಗೆ ದಿನಾ ಬೆಳಗ್ಗೆ 6ಕ್ಕೆ ಬರುತ್ತೇನೆ. ಸುಣ್ಣದ ಪುಡಿ ಹಿಡಿದು ಬಗ್ಗಿ ಗೆರೆ ಎಳೆಯುವಾಗ ನಿಮ್ಮ ಸೊಂಟ ನೋಯುವುದು ನೋಡಿದ್ದೇನೆ. ನಾಳೆಯಿಂದ ಗೆರೆ ನಾನು ಎಳೆಯುತ್ತೇನೆ. ನೀವು ಆ ಕುರ್ಚಿಯಲ್ಲಿ ಕೂತುಕೊಳ್ಳಿ.