‘ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ’: ಎರಡು ತಿದ್ದುಪಡಿ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ವಿದ್ಯಾರ್ಥಿ ಪುಟದಲ್ಲಿ ‘ಜಗತ್ತಿನ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ’ಯ ಬಗ್ಗೆ ಪ್ರಕಟವಾದ ಬರಹ ಸಕಾಲಿಕವಾಗಿದೆ. ಆದರೆ ಇದಕ್ಕಿಂತ ದೊಡ್ಡ ಅವಿಭಾಜ್ಯವೇ ಇಲ್ಲ, ಇದರಿಂದಲೇ ನಮ್ಮ ಬ್ಯಾಂಕ್ ಖಾತೆಗಳು ಭದ್ರವಾಗಿವೆ ಎಂಬ ಅದರಲ್ಲಿನ ಎರಡು ಮಾತುಗಳನ್ನು ಹಾಗೆಯೇ ಬಿಟ್ಟರೆ ಮಕ್ಕಳು ಅದನ್ನೇ ನಂಬಿಯಾರು ಎಂದು ಈ ಪತ್ರ ಬರೆಯುತ್ತಿದ್ದೇನೆ.

2024ರ ಅಕ್ಟೋಬರ್‌ನಲ್ಲಿ ಲ್ಯೂಕ್ ಡ್ಯುರಾಂಟ್ ಅವರು ‘ಜಿಂಪ್ಸ್’ ಎಂಬ ಸ್ವಯಂಸೇವಕರ ಯೋಜನೆಯ ಮೂಲಕ ಪತ್ತೆಹಚ್ಚಿದ ಈ ಸಂಖ್ಯೆ, 2ರ 13,62,79,841ನೇ ಘಾತದಿಂದ 1 ಕಳೆದಾಗ ಸಿಗುವಂಥದ್ದು. ಅದರಲ್ಲಿರುವುದು 4,10,24,320 ಅಂಕಿಗಳು. ಪುಟಕ್ಕೆ ಹತ್ತು ಸಾವಿರದಂತೆ ಅಚ್ಚು ಹಾಕಿದರೂ ತಮಗೆ ನಾಲ್ಕು ಸಾವಿರಕ್ಕೂ ಹೆಚ್ಚು ಪುಟಗಳು ಬೇಕಾದಾವು. ಹಾಗಿದ್ದರೂ ಇದು ಗೊತ್ತಾಗಿರುವವುಗಳಲ್ಲಿ ದೊಡ್ಡದು, ಅಷ್ಟೆ. ಅವಿಭಾಜ್ಯಗಳಿಗೆ ಕೊನೆಯೇ ಇಲ್ಲವೆಂದು ಗ್ರೀಕ್ ಗಣಿತಜ್ಞ ಯೂಕ್ಲಿಡ್ ಎರಡು ಸಾವಿರ ವರ್ಷಗಳ ಹಿಂದೆಯೇ ಸಾಧಿಸಿ ತೋರಿಸಿದ್ದಾನೆ.

ಇನ್ನು ಇದರಿಂದಲೇ ನಮ್ಮ ಬ್ಯಾಂಕ್ ಖಾತೆಗಳು ಭದ್ರವಾಗಿವೆ ಎಂಬ ಮಾತು. ಖಾತೆಯ ಮಾಹಿತಿಯನ್ನು ಬೇರೆಯವರು ಓದದಂತೆ ಮರೆಮಾಡುವ ಗೂಢಲಿಪಿಗೆ ಬಳಸುವ ಅವಿಭಾಜ್ಯಗಳು ಸಾಮಾನ್ಯವಾಗಿ ಕೆಲವು ನೂರು ಅಂಕಿಗಳವು, ಅವು ಗುಟ್ಟಾಗಿಯೂ ಇರಬೇಕು. ಊರಿಗೆಲ್ಲ ಡಂಗುರ ಸಾರಿದ ಸಂಖ್ಯೆಯಿಂದ ಆ ಕೆಲಸವಾಗದು.

ಬರಹ ನಿಜಕ್ಕೂ ಹೇಳಬೇಕಿದ್ದುದು, ಇಷ್ಟು ದೊಡ್ಡ ಸಂಖ್ಯೆ ಅವಿಭಾಜ್ಯವೆಂದು ತಿಳಿಯುವುದು ಹೇಗೆ ಎಂಬುದನ್ನು. ಒಂದೊಂದಾಗಿ ಭಾಗಿಸುತ್ತಾ ಹೋಗುವುದು ಯಾವ ಯಂತ್ರಕ್ಕೂ ಸಾಧ್ಯವಿಲ್ಲ. ಆದರೆ 2ರ ಘಾತದಿಂದ 1 ಕಳೆದಾಗ ಸಿಗುವ, ಮೆರ್ಸೆನ್ ಸಂಖ್ಯೆ ಎನಿಸಿಕೊಳ್ಳುವ ಈ ಬಗೆಯ ಸಂಖ್ಯೆಗಳಿಗೆ ಲ್ಯೂಕಾಸ್–ಲೆಹ್ಮರ್ ಪರೀಕ್ಷೆ ಎಂಬುದೊಂದಿದ್ದು, ಅದನ್ನು ಹೈಸ್ಕೂಲಿನ ಕರಿಹಲಗೆಯ ಮೇಲೂ ಮಾಡಿ ತೋರಿಸಬಹುದು. 2ರ 5ನೇ ಘಾತದಿಂದ 1 ಕಳೆದರೆ 31. ನಾಲ್ಕರಿಂದ ಆರಂಭಿಸಿ, ಪ್ರತಿ ಸಲ ವರ್ಗ ಮಾಡಿ 2 ಕಳೆದು, 31ರಿಂದ ಭಾಗಿಸಿ ಶೇಷವನ್ನಷ್ಟೇ ಉಳಿಸಿಕೊಳ್ಳಬೇಕು: 4ರಿಂದ 14 ಬರುತ್ತದೆ, 14ರಿಂದ 194, ಅದರ ಶೇಷ 8, 8ರಿಂದ 62, ಅದರ ಶೇಷ ಸೊನ್ನೆ. ಘಾತಕ್ಕಿಂತ ಎರಡು ಕಡಿಮೆ, ಅಂದರೆ ಮೂರು ಹೆಜ್ಜೆಗಳಲ್ಲಿ ಸೊನ್ನೆ ಬಂದುದರಿಂದ 31 ಅವಿಭಾಜ್ಯ. ಡ್ಯುರಾಂಟ್ ಅವರ ಸಂಖ್ಯೆಯನ್ನು ಖಚಿತಪಡಿಸಿದ್ದೂ ಇದೇ ಪರೀಕ್ಷೆ. ಅಲ್ಲಿ ಹೆಜ್ಜೆಗಳು 13,62,79,839, ಹೆಜ್ಜೆಹೆಜ್ಜೆಗೂ ವರ್ಗ ಮಾಡಬೇಕಾದ ಸಂಖ್ಯೆಗಳು ಕೋಟಿಗಟ್ಟಲೆ ಅಂಕಿಗಳವು. ವ್ಯತ್ಯಾಸ ದುಡಿಮೆಯಲ್ಲಿದೆಯೇ ಹೊರತು ವಿಧಾನದಲ್ಲಿಲ್ಲ.

ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಶಾಲಾ ವಿಜ್ಞಾನ ಮೇಳಗಳಲ್ಲಿ ಜ್ವಾಲಾಮುಖಿಯ ಮಾದರಿಗಳಿಗೇನೂ ಬರವಿಲ್ಲ. ಈ ಪರೀಕ್ಷೆಗೂ ಒಂದು ಮೇಜು ಸಿಗಲಿ. ಪಿಲಿಕುಳದ ವಿಜ್ಞಾನ ಕೇಂದ್ರದವರೂ ಈ ಬಗ್ಗೆ ಯೋಚಿಸಬಹುದು. ಅಲ್ಲಿ 31ರ ಜತೆಗೆ 2ರ 11ನೇ ಘಾತದಿಂದ 1 ಕಳೆದಾಗ ಸಿಗುವ 2047ನ್ನೂ ಮಕ್ಕಳ ಕೈಯಲ್ಲೇ ಮಾಡಿಸಬೇಕೆಂದು ನನ್ನ ಸಲಹೆ. ಒಂಬತ್ತನೇ ಹೆಜ್ಜೆಯಲ್ಲಿ ಸೊನ್ನೆಯ ಬದಲು 1736 ಉಳಿಯುತ್ತದೆ, ಏಕೆಂದರೆ 2047 ಎಂಬುದು 23 ಮತ್ತು 89ರ ಗುಣಲಬ್ಧ.

– ನಿವೃತ್ತ ಗಣಿತ ಶಿಕ್ಷಕ, ಕದ್ರಿ, ಮಂಗಳೂರು