ಯಾವ ಮಗುವಿಗೆ ಯಾವ ಪಾಠ: ಐದು, ಆರನೆಯ ತರಗತಿಯ ಪೋಷಕರಿಗೆ

ಪ್ರಿಯ ಪೋಷಕರೇ,

ನಮಸ್ಕಾರ. ಮೊನ್ನೆ ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ಒಬ್ಬ ತಾಯಿ ನನ್ನನ್ನು ನಿಲ್ಲಿಸಿ ಕೇಳಿದರು: "ಟೀಚರ್, ಆನ್‌ಲೈನ್ ಓದಿನಲ್ಲಿ ಮಕ್ಕಳಿಗೆ ಬೇರೆ ಬೇರೆ ಪಾಠ ಕೊಡ್ತೀರಂತೆ. ಜಾಣರಿಗೆ ಒಂದು, ದಡ್ಡರಿಗೆ ಒಂದಾ?" ಈ ಪ್ರಶ್ನೆ ಇನ್ನೂ ಹಲವರ ಮನಸ್ಸಿನಲ್ಲಿರಬಹುದು. ಅದಕ್ಕೇ ಈ ಪತ್ರ.

ಖಂಡಿತ ಹಾಗಲ್ಲ. ಯಾರಿಗೆ ಯಾವ ಪಾಠ ಎಂಬುದನ್ನು ನಾನಾಗಲಿ, ನಿಮ್ಮ ಮಗುವಿನ ಟೀಚರಾಗಲಿ ಆರಿಸಿಲ್ಲ. ಚೀಟಿ ಎತ್ತಿದ ಹಾಗೆ ಬಂದದ್ದು ಅದು.

ಇದನ್ನೆಲ್ಲ ಯಾಕೆ ಮಾಡುತ್ತಿದ್ದೇವೆ ಎಂದು ಮೊದಲು ಹೇಳುತ್ತೇನೆ. ಐದನೆಯ ತರಗತಿಯ ಒಬ್ಬ ಹುಡುಗ ಸುಗ್ಗಿಯ ಪಾಠವನ್ನು ಒಂದೂ ತಪ್ಪಿಲ್ಲದೆ ಓದಿದ. "ಕಣ ಅಂದ್ರೆ ಏನಪ್ಪಾ?" ಎಂದು ಕೇಳಿದೆ. "ತುಂಬಾ ಚಿಕ್ಕದು ಟೀಚರ್, ಕಣ್ಣಿಗೆ ಕಾಣಲ್ಲ" ಎಂದ. ವಿಜ್ಞಾನದ ಪುಸ್ತಕದಲ್ಲಿ ಕಲಿತದ್ದನ್ನು ಸರಿಯಾಗಿಯೇ ಹೇಳಿದ್ದ. ತೆನೆ ಒಕ್ಕುವ ಕಣವನ್ನು ಅವನು ನೋಡಿಯೇ ಇಲ್ಲ. ಹುಟ್ಟಿದ್ದು, ಬೆಳೆದದ್ದು ಎಲ್ಲ ಮುಂಬೈಯಲ್ಲೇ. ನಮ್ಮ ಮಕ್ಕಳಲ್ಲಿ ಕೆಲವರ ಮನೆಯಲ್ಲಿ ತುಳು, ಕೆಲವರ ಮನೆಯಲ್ಲಿ ವಿಜಯಪುರ ಕಡೆಯ ಕನ್ನಡ. ಹೊರಗೆ ಬಂದರೆ ಮರಾಠಿ, ಹಿಂದಿ. ಹಾಗಾದರೆ ಓದುವಾಗ ಇವರು ಎಡವುವುದು ಅಕ್ಷರದಲ್ಲೋ, ಕಾಣದ ಊರಿನ ಸಂಗತಿಯಲ್ಲೋ? ಇದು ಗೊತ್ತಾದರೆ ನಾವು ಕಲಿಸುವ ರೀತಿಯನ್ನೇ ಬದಲಿಸಬಹುದು.

ಅದಕ್ಕಾಗಿ ನಮ್ಮ ಟೀಚರುಗಳು ಎರಡು ಪಾಠ ಬರೆದಿದ್ದಾರೆ. ಒಂದು ಸುಗ್ಗಿಯ ಕಣದ್ದು, ಇನ್ನೊಂದು ದಾದರ್ ಹೂವಿನ ಮಾರ್ಕೆಟಿನದು. ಎರಡರಲ್ಲೂ ಬೆಳಗಿನ ಜಾವದ ಕೆಲಸವೇ. ಸಾಲುಗಳೂ ಅಷ್ಟಷ್ಟೇ, ಪ್ರಶ್ನೆಗಳೂ ಎಂಟೆಂಟು. ಅರ್ಧ ಮಕ್ಕಳು ಮೊದಲ ವಾರ ಕಣದ ಪಾಠ ಓದುತ್ತಾರೆ, ಉಳಿದರ್ಧ ಮಾರ್ಕೆಟಿನ ಪಾಠ. ಮುಂದಿನ ವಾರ ಅದಲು ಬದಲು. ಅಂದರೆ ಎರಡೂ ಪಾಠ ಎಲ್ಲರಿಗೂ ಸಿಗುತ್ತವೆ. ಎಲ್ಲರಿಗೂ ಒಂದೇ ಕ್ರಮದಲ್ಲಿ ಕೊಟ್ಟರೆ ಎರಡನೆಯ ಸಲಕ್ಕೆ ಮಕ್ಕಳಿಗೆ ಪ್ರಶ್ನೆಗಳ ಜಾಡು ಸಿಕ್ಕಿರುತ್ತದೆ. ಆಗ ಅಭ್ಯಾಸದಿಂದ ಬಂದ ಅಂಕವನ್ನು ಪಾಠದ ಗುಣ ಎಂದುಕೊಳ್ಳುತ್ತೇವೆ.

ಹೋದ ವರ್ಷ ನಾವು ಇದರಲ್ಲಿ ತಪ್ಪು ಮಾಡಿದೆವು. ವಾಟ್ಸಾಪ್ ಗುಂಪಿನಲ್ಲಿ ಎರಡು ಲಿಂಕ್ ಹಾಕಿ, "ಯಾವುದಾದರೂ ಒಂದು ಓದಿಸಿ" ಎಂದೆವು. ಹಗಲಲ್ಲಿ ಮನೆಯಲ್ಲೇ ಫೋನ್ ಇದ್ದ ಮಕ್ಕಳು ಮೇಲಿನ ಲಿಂಕ್ ಒತ್ತಿದರು. ಅಮ್ಮ ಕೆಲಸ ಮುಗಿಸಿ ಲೋಕಲ್ ಹಿಡಿದು ಒಂಬತ್ತು ಗಂಟೆಗೆ ಮನೆ ಸೇರಿದ ಮೇಲೆ ಆ ಒಂದೇ ಫೋನಿಗೆ ಕಾದ ಮಕ್ಕಳು, ನಿದ್ದೆಗಣ್ಣಿನಲ್ಲಿ, ಕೆಳಗಿನ ಲಿಂಕ್ ಒತ್ತಿದರು. ಆ ಹೊತ್ತಿಗೆ ಗುಂಪಿನಲ್ಲಿ ಕೊನೆಗೆ ಕಾಣುತ್ತಿದ್ದದ್ದು ಅದೇ. ಮೇಲಿನ ಪಾಠಕ್ಕೆ ಒಳ್ಳೆಯ ಅಂಕ ಬಂತು. ಪಾಠವೇ ಚೆನ್ನಾಗಿದೆ ಎಂದು ನಂಬಿ ಅಂಥದ್ದನ್ನೇ ಒಂದಿಡೀ ಟರ್ಮ್ ಕಲಿಸಿದೆವು. ನಾವು ಅಳೆದದ್ದು ಪಾಠವನ್ನಲ್ಲ, ಯಾರ ಮನೆಯಲ್ಲಿ ಫೋನ್ ಬಿಡುವಾಗಿರುತ್ತದೆ ಎಂಬುದನ್ನು. ತಡವಾಗಿ ಓದಿದ ಮಕ್ಕಳ ಬಗ್ಗೆ ಆಗ ಹಗುರವಾಗಿ ತೀರ್ಮಾನಿಸಿದ್ದಕ್ಕೆ ನನಗೆ ಇವತ್ತಿಗೂ ಬೇಸರವಿದೆ.

ನಿಮ್ಮಲ್ಲಿ ಹೊಲ ನೋಡಿದವರು ಜಾಸ್ತಿ. ಒಂದೇ ಹೊಲದಲ್ಲಿ ಕೆರೆಯ ಕಡೆಯ ಮಣ್ಣು ಬೇರೆ, ಏರಿನ ಕಡೆಯ ಮಣ್ಣು ಬೇರೆ, ಅಲ್ವಾ? ಹೊಸ ಗೊಬ್ಬರವನ್ನು ಕೆರೆಯ ಕಡೆ ಮಾತ್ರ ಹಾಕಿ "ಬೆಳೆ ಚೆನ್ನಾಗಿ ಬಂತು" ಎಂದರೆ ಯಾರು ಒಪ್ಪುತ್ತಾರೆ? ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರಕ್ಕೆ 1919ರಲ್ಲಿ ಸೇರಿದ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಅವರು ಇದಕ್ಕೆ ಕೊಟ್ಟ ಉತ್ತರ ಸರಳ. ಹೊಲವನ್ನು ತುಂಡು ತುಂಡು ಮಾಡಿ, ಯಾವ ತುಂಡಿಗೆ ಯಾವ ಗೊಬ್ಬರ ಎಂಬುದನ್ನು ಚೀಟಿಗೆ ಬಿಡಿ. ನಮ್ಮ ಮುಂಬೈಯಲ್ಲೂ ಹೀಗೆ ನಡೆದಿದೆ. 2001ರಿಂದ 2003ರವರೆಗೆ ಮಕ್ಕಳ ಶಿಕ್ಷಣಕ್ಕಾಗಿ ಕೆಲಸ ಮಾಡುವ ಪ್ರಥಮ್ ಸಂಸ್ಥೆಯ 'ಬಾಲಸಖಿ'ಯರು, ಅಂದರೆ ಪಾಠ ಹೇಳಿಕೊಡುವ ಸ್ಥಳೀಯ ಯುವತಿಯರು, ಇಲ್ಲಿನ ಮತ್ತು ವಡೋದರದ ಪಾಲಿಕೆ ಶಾಲೆಗಳಲ್ಲಿ, ಹಿಂದುಳಿದ ಮಕ್ಕಳಿಗೆ ದಿನಕ್ಕೆ ಸುಮಾರು ಎರಡು ಗಂಟೆ ಬೇರೆ ಕೂರಿಸಿ ಕಲಿಸಿದರು. ಯಾವ ಶಾಲೆಯಲ್ಲಿ ಯಾವ ತರಗತಿಗೆ ಬಾಲಸಖಿ ಎಂಬುದು ಇದೇ ರೀತಿ ನಿರ್ಧಾರವಾಯಿತು. ಹೆಚ್ಚು ಲಾಭವಾದದ್ದು ಓದಿನಲ್ಲಿ ತೀರ ಹಿಂದಿದ್ದ ಮಕ್ಕಳಿಗೆ. ಅದನ್ನು ಅಳೆದವರಲ್ಲಿ ಎಸ್ತರ್ ಡುಫ್ಲೋ ಮತ್ತು ಮುಂಬೈಯಲ್ಲೇ ಹುಟ್ಟಿದ ಅಭಿಜಿತ್ ಬ್ಯಾನರ್ಜಿ ಇದ್ದರು. ಇಬ್ಬರೂ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದರು.

ಈ ಸಲ ಹೇಗೆ ಮಾಡಿದ್ದೇವೆ ಹೇಳುತ್ತೇನೆ. ನಾವು ಬಳಸುವ ಗೂಗಲ್ ಫಾರ್ಮ್ ಪ್ರಶ್ನೆಗಳ ಕ್ರಮವನ್ನು ಕಲಕುತ್ತದೆ, ಆದರೆ ಮಕ್ಕಳಿಗೆ ಪಾಠವನ್ನು ತಾನಾಗಿ ಹಂಚುವುದಿಲ್ಲ. "ಹುಟ್ಟಿದ ತಿಂಗಳು ಕೇಳಿ ಹಂಚೋಣ, ಜೂನ್‌ವರೆಗೆ ಒಂದು, ಆಮೇಲೆ ಇನ್ನೊಂದು" ಎಂದು ಒಬ್ಬ ಟೀಚರ್ ಸಲಹೆ ಕೊಟ್ಟರು. ನಾನು ಬೇಡ ಎಂದೆ. ಒಂದೇ ತರಗತಿಯ ಮಕ್ಕಳಲ್ಲಿ ಹತ್ತು ಹನ್ನೊಂದು ತಿಂಗಳ ಅಂತರ ಇರುತ್ತದೆ, ಈ ವಯಸ್ಸಿನಲ್ಲಿ ಅದು ಓದಿನಲ್ಲಿ ಕಾಣುತ್ತದೆ. ಕೊನೆಗೆ ಎಕ್ಸೆಲ್‌ನಲ್ಲಿ ಹೆಸರುಗಳನ್ನು ಬರೆದೆವು. ಸುಮ್ನೆ ನಾಣ್ಯ ಚಿಮ್ಮಿದರೆ ಚೆನ್ನಾಗಿ ಓದುವವರೆಲ್ಲ ಒಂದೇ ಕಡೆ ಸೇರಿಬಿಡಬಹುದು. ಹಾಗಾಗಿ ನಿಧಾನ ಓದುವವರು, ಮಧ್ಯಮ, ಸರಾಗ ಓದುವವರು ಎಂದು ಮೂರು ಗುಂಪು ಮಾಡಿದೆವು. ಪ್ರತಿ ಹೆಸರಿನ ಪಕ್ಕ ಕಂಪ್ಯೂಟರ್ ಒಂದು ಸಂಖ್ಯೆ ಕೊಟ್ಟಿತು. ಆ ಸಂಖ್ಯೆಯ ಕ್ರಮದಲ್ಲಿ ಜೋಡಿಸಿ, ಪ್ರತಿ ಗುಂಪನ್ನೂ ಎರಡು ಪಾಲು ಮಾಡಿದೆವು. ಹಾಳೆಯನ್ನು ಮುಟ್ಟಿದಾಗಲೆಲ್ಲ ಆ ಸಂಖ್ಯೆಗಳು ಬದಲಾಗುತ್ತವೆ. ಅದಕ್ಕೇ ಒಂದೇ ಸಲ ತೆಗೆದು, ಅವು ಮತ್ತೆ ಅಲುಗದ ಹಾಗೆ ಅಂಟಿಸಿ, ಪ್ರಿಂಟ್ ತೆಗೆದು ನನ್ನ ಕಪಾಟಿನಲ್ಲಿ ಇಟ್ಟಿದ್ದೇನೆ. ಯಾರು ಬೇಕಾದರೂ ಬಂದು ತಮ್ಮ ಮಗುವಿನ ಸಾಲು ನೋಡಬಹುದು.

ನಿಮ್ಮಿಂದ ಬೇಕಾದದ್ದು ಇಷ್ಟು. ನಿಮ್ಮ ಲಿಂಕ್ ನಿಮ್ಮ ಮಗುವಿಗೆ ಮಾತ್ರ, ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಅಕ್ಕಪಕ್ಕದವರ ಜೊತೆ ಬದಲಿಸಿಕೊಂಡರೆ ಚೀಟಿ ಎತ್ತಿದ್ದೇ ದಂಡ. ಮಗು ಓದುವಾಗ ಪಕ್ಕದಲ್ಲಿ ಕುಳಿತಿರಿ, ಆದರೆ ಉತ್ತರ ಹೇಳಿಕೊಡಬೇಡಿ. ಮಗು ಅರ್ಧಕ್ಕೆ ಬಿಟ್ಟರೆ ಬೈಯಬೇಡಿ, ನಮಗೆ ತಿಳಿಸಿ. ಕಷ್ಟಪಡುವ ಮಕ್ಕಳು ಸದ್ದಿಲ್ಲದೆ ಬಿಟ್ಟುಹೋದರೆ ಉಳಿದವರ ಅಂಕ ನೋಡಿ ನಾವು ಮತ್ತೆ ಮೋಸಹೋಗುತ್ತೇವೆ. ಮನೆಯಲ್ಲಿ ಫೋನ್ ಬಿಡುವಿಲ್ಲದವರಿಗೆ ಶನಿವಾರ ಬೆಳಿಗ್ಗೆ ಶಾಲೆಯ ಕಂಪ್ಯೂಟರ್ ಕೋಣೆ ತೆರೆದಿರುತ್ತದೆ.

ಇದರ ಅಂಕ ಪ್ರಗತಿ ಪತ್ರಕ್ಕೆ ಸೇರುವುದಿಲ್ಲ. ಉತ್ತರಗಳ ಜೊತೆ ಹೆಸರು ಇರುವುದಿಲ್ಲ, ಒಂದು ಸಂಖ್ಯೆ ಮಾತ್ರ. ನಿಮಗೆ ಬೇಡ ಅನ್ನಿಸಿದರೆ ಅಥವಾ ಮಗುವೇ ಒಲ್ಲೆ ಎಂದರೆ ಬಲವಂತವಿಲ್ಲ. ಇದರ ಜೊತೆಗಿರುವ ಒಪ್ಪಿಗೆ ಚೀಟಿಗೆ ಸಹಿ ಹಾಕಿ ಗುರುವಾರದೊಳಗೆ ಮಗುವಿನ ಡೈರಿಯಲ್ಲಿಟ್ಟು ಕಳಿಸಿ. ಎರಡನೆಯ ವಾರ ಮುಗಿದ ಮೇಲಿನ ಪೋಷಕರ ಸಭೆಯಲ್ಲಿ ಏನು ಗೊತ್ತಾಯಿತು ಎಂದು ನಾನೇ ಹೇಳುತ್ತೇನೆ.

ನಿಮ್ಮ,
ಮುಖ್ಯೋಪಾಧ್ಯಾಯಿನಿ