ಲ್ಯಾಗ್‌ಗೆ ದೊಡ್ಡ ಪ್ಲಾನ್ ಮದ್ದಲ್ಲ

ಮಾನ್ಯ ಸಂಪಾದಕರೇ,

ಕನ್ಸೋಲ್‌ನಲ್ಲಿ ಆನ್‌ಲೈನ್ ಆಟ ಆಡುವಾಗ ಲ್ಯಾಗ್ ಆಗುತ್ತಿದೆ (ಆಟ ತಡವಾಗಿ, ತಡೆತಡೆದು ಸಾಗುತ್ತಿದೆ) ಎಂದರೆ ಎಲ್ಲರ ಬಾಯಲ್ಲೂ ಬರುವ ಸಲಹೆ ಒಂದೇ: ‘ಜಾಸ್ತಿ ಸ್ಪೀಡಿನ ಪ್ಲಾನ್ ಹಾಕಿಸಿ’. 100 ಎಂಬಿಪಿಎಸ್ ಇದ್ದವರು 300ಕ್ಕೆ ಹೋಗುತ್ತಾರೆ, ಲ್ಯಾಗ್ ಮಾತ್ರ ಇದ್ದಲ್ಲೇ ಇರುತ್ತದೆ. ಸ್ಪೀಡ್ ಬೇಕಿರುವುದು ಆಟವನ್ನು ಡೌನ್‌ಲೋಡ್ ಮಾಡಲು, ಆಡಲು ಅಲ್ಲ. ಆಡುವಾಗ ಕನ್ಸೋಲ್‌ಗೂ ಸರ್ವರ್‌ಗೂ ನಡುವೆ ಓಡಾಡುವುದು ಪುಟ್ಟ ಪುಟ್ಟ ಪ್ಯಾಕೆಟ್‌ಗಳು, ಅಂದರೆ ಮಾಹಿತಿಯ ತುಣುಕುಗಳು. ಬಹುತೇಕ ಆಟಗಳಿಗೆ 1 ಎಂಬಿಪಿಎಸ್ ಕೂಡ ಪೂರ್ತಿ ಬೇಕಾಗುವುದಿಲ್ಲ. ಆ ಪ್ಯಾಕೆಟ್‌ಗಳು ಎಷ್ಟು ಬೇಗ ಹೋಗಿ ಬರುತ್ತವೆ, ಒಂದೇ ಲಯದಲ್ಲಿ ಬರುತ್ತವೆಯೇ, ದಾರಿಯಲ್ಲಿ ಕಳೆದುಹೋಗುತ್ತವೆಯೇ ಎಂಬುದೇ ಮುಖ್ಯ. ಪಿಂಗ್ (ಪ್ಯಾಕೆಟ್ ಹೋಗಿ ಬರಲು ಹಿಡಿಯುವ ಸಮಯ) 40 ಮಿಲಿಸೆಕೆಂಡಿನಲ್ಲಿ ಅಲುಗಾಡದೆ ನಿಂತರೆ ಆರಾಮಾಗಿ ಆಡಬಹುದು. 20ಕ್ಕೂ 200ಕ್ಕೂ ನಡುವೆ ಕುಣಿಯುತ್ತಿದ್ದರೆ, ಸರಾಸರಿ ಎಷ್ಟೇ ಚೆನ್ನಾಗಿ ಕಂಡರೂ ಆಡಲು ಆಗುವುದಿಲ್ಲ.

ಮೊದಲು ತಿಳಿಯಬೇಕಾದ್ದು ತೊಂದರೆ ಮನೆಯೊಳಗಿದೆಯೋ ಹೊರಗಿದೆಯೋ ಎಂಬುದು. ಲ್ಯಾಪ್‌ಟಾಪನ್ನು ಕನ್ಸೋಲ್ ಪಕ್ಕದಲ್ಲೇ ಇಟ್ಟು, ಅದೇ ವೈಫೈಗೆ ಸೇರಿಸಿ, ರೌಟರ್‌ನ ವಿಳಾಸಕ್ಕೆ (ಸಾಮಾನ್ಯವಾಗಿ 192.168.1.1 ಅಥವಾ 192.168.0.1) ಪಿಂಗ್ ಮಾಡಿ, ಅಂದರೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ping ಎಂದು ಬರೆದು ಆ ವಿಳಾಸ ಹಾಕಿ. ವಿಂಡೋಸ್ ನಾಲ್ಕೇ ಸಲ ಪಿಂಗ್ ಮಾಡಿ ನಿಲ್ಲಿಸಿಬಿಡುತ್ತದೆ, ಅಷ್ಟರಲ್ಲಿ ಏನೂ ಗೊತ್ತಾಗದು. ಕೊನೆಯಲ್ಲಿ ‘ಮೈನಸ್ ಟಿ’ (-t) ಸೇರಿಸಿ ಐದು ನಿಮಿಷ ಓಡಲು ಬಿಡಿ. ಕೇಬಲ್‌ನಲ್ಲಾದರೆ 1 ಮಿಲಿಸೆಕೆಂಡ್ ಇಲ್ಲವೇ ಅದಕ್ಕೂ ಕಡಿಮೆ, ಒಳ್ಳೆಯ ವೈಫೈಯಲ್ಲಾದರೆ ಕೆಲವೇ ಮಿಲಿಸೆಕೆಂಡ್ ತೋರಿಸಬೇಕು. ನಡುನಡುವೆ 80, 150 ಎಂದು ಬಂದರೆ ಅಥವಾ ‘ರಿಕ್ವೆಸ್ಟ್ ಟೈಮ್ಡ್ ಔಟ್’ ಎಂಬ ಸಾಲು ಕಂಡರೆ, ದೋಷ ಇರುವುದು ಆ ನಾಲ್ಕು ಗೋಡೆಗಳ ಒಳಗೇ. ಅದನ್ನು ಯಾವ ಪ್ಲಾನೂ ಸರಿಮಾಡದು.

ಆಗ ಮೊದಲು ಕೇಬಲ್ ಹಾಕಿ. ಕ್ಯಾಟ್ 5ಇ ಕೇಬಲ್ 100 ಮೀಟರ್‌ವರೆಗೆ 1 ಜಿಬಿಪಿಎಸ್ ಒಯ್ಯುತ್ತದೆ. ಮನೆಗೆ ಅದಕ್ಕಿಂತ ದುಬಾರಿಯದು ಬೇಡ. ಕೇಬಲ್ ಹಾಕಿಯೂ ಸಂಪರ್ಕ 100 ಎಂಬಿಪಿಎಸ್ ಎಂದೇ ತೋರಿಸಿದರೆ ತುದಿಯ ಪ್ಲಗ್ ನೋಡಿ. ಗಿಗಾಬಿಟ್‌ಗೆ ಒಳಗಿನ ಎಂಟೂ ತಂತಿ ಬೇಕು, 100ಕ್ಕೆ ನಾಲ್ಕು ಸಾಕು. ಒಂದು ತಂತಿ ಕಡಿದರೂ ವೇಗ ಕೆಳಗಿಳಿಯುತ್ತದೆ. ಆಡಲು 100 ಧಾರಾಳವಾಯಿತು, ನಿಜ. ಆದರೆ ಸಡಿಲವಾದ ಪ್ಲಗ್ ಪ್ಯಾಕೆಟ್‌ಗಳನ್ನೂ ಬೀಳಿಸುತ್ತದೆ, ಆದ್ದರಿಂದ ಬದಲಿಸಿಬಿಡುವುದು ಒಳ್ಳೆಯದು. ಕೇಬಲ್ ಸಾಧ್ಯವೇ ಇಲ್ಲದಿದ್ದರೆ 5 ಗಿಗಾಹರ್ಟ್ಸ್ ವೈಫೈ ಬಳಸಿ. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6 ಮತ್ತು 11 ಮೂರೇ. ಅಕ್ಕಪಕ್ಕದ ಮನೆಗಳ ರೌಟರ್‌ಗಳು, ಬ್ಲೂಟೂತ್, ಮೈಕ್ರೋವೇವ್ ಓವನ್ ಎಲ್ಲವೂ ಅಲ್ಲೇ ಕಿಕ್ಕಿರಿದಿರುತ್ತವೆ.

ರೌಟರ್‌ಗೆ ಪಿಂಗ್ ಚೆನ್ನಾಗಿದ್ದೂ ಮನೆಮಂದಿಯೆಲ್ಲ ನೆಟ್ ಬಳಸುವಾಗಷ್ಟೇ ಆಟ ಹದಗೆಟ್ಟರೆ, ಸಾಮಾನ್ಯವಾಗಿ ಕಾರಣ ಅಪ್‌ಲೋಡ್. ಇದನ್ನು ಗುರುತಿಸುವವರೇ ಕಡಿಮೆ. ಯಾರದೋ ಫೋನ್ ಫೋಟೊಗಳನ್ನು ಬ್ಯಾಕಪ್ ಮಾಡಲು ಶುರುಮಾಡಿರುತ್ತದೆ. ಮೋಡೆಮ್ ಆ ಪ್ಯಾಕೆಟ್‌ಗಳನ್ನೆಲ್ಲ ಸಾಲಿನಲ್ಲಿ ನಿಲ್ಲಿಸಿಕೊಳ್ಳುತ್ತದೆ. ಆಟದ ಪುಟ್ಟ ಪ್ಯಾಕೆಟ್ ಆ ಉದ್ದನೆಯ ಸಾಲಿನ ಬಾಲದಲ್ಲಿ ಸಿಕ್ಕಿಕೊಳ್ಳುತ್ತದೆ. ಹೊರಗಿನ ಯಾವುದಾದರೂ ವಿಳಾಸಕ್ಕೆ ಪಿಂಗ್ ಓಡಿಸುತ್ತಾ ದೊಡ್ಡ ಫೈಲೊಂದನ್ನು ಅಪ್‌ಲೋಡ್ ಮಾಡಿ ನೋಡಿ. 30 ಇದ್ದದ್ದು 300 ಆದರೆ ರೋಗ ಸಿಕ್ಕಿತು. ರೌಟರ್‌ನಲ್ಲಿ ಎಸ್‌ಕ್ಯೂಎಂ ಅಥವಾ ಕ್ಯೂಒಎಸ್ ಆಯ್ಕೆ (ಪ್ಯಾಕೆಟ್‌ಗಳ ಸಾಲನ್ನು ನಿಭಾಯಿಸುವ ಸೌಲಭ್ಯ) ಇದ್ದರೆ ಚಾಲೂ ಮಾಡಿ, ನಿಜವಾಗಿ ಸಿಗುವ ವೇಗದ ಶೇ 85ರಿಂದ 90ರಷ್ಟನ್ನು ಮಿತಿಯಾಗಿ ಹಾಕಿ: ಅಪ್‌ಲೋಡ್ 40 ಸಿಗುತ್ತಿದ್ದರೆ 35. ಆಗ ಸಾಲು ಮೋಡೆಮ್ ಬಿಟ್ಟು ರೌಟರ್‌ನಲ್ಲೇ ನಿಲ್ಲುತ್ತದೆ, ಯಾರನ್ನು ಮುಂದೆ ಬಿಡಬೇಕೆಂದು ರೌಟರ್‌ಗೆ ಗೊತ್ತಿರುತ್ತದೆ. ಐದು ಎಂಬಿಪಿಎಸ್ ಬಿಟ್ಟುಕೊಟ್ಟು ಪಡೆಯುವ ಈ ನೆಮ್ಮದಿ ಪ್ಲಾನ್ ದುಪ್ಪಟ್ಟು ಮಾಡಿದರೂ ಸಿಗುವುದಿಲ್ಲ.

ಡಿಎನ್‌ಎಸ್ ಬದಲಿಸಿದರೆ ಪಿಂಗ್ ಇಳಿಯುತ್ತದೆ ಎಂಬ ಮಾತೂ ಚಾಲ್ತಿಯಲ್ಲಿದೆ. ಡಿಎನ್‌ಎಸ್ ಸರ್ವರ್‌ನ ವಿಳಾಸ ಹುಡುಕಿ ಕೊಡುತ್ತದೆ ಅಷ್ಟೇ, ಆಟ ಶುರುವಾದ ಮೇಲೆ ಅದಕ್ಕೆ ಕೆಲಸವಿಲ್ಲ. ದೂರಕ್ಕಂತೂ ಮದ್ದೇ ಇಲ್ಲ: ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುವುದರಿಂದ, 6,000 ಕಿ.ಮೀ. ದೂರದ ಸರ್ವರ್‌ಗೆ ಹೋಗಿ ಬರಲು 60 ಮಿಲಿಸೆಕೆಂಡ್ ಬೇಕೇ ಬೇಕು. ಆಟದೊಳಗೆ ಹತ್ತಿರದ ಸರ್ವರ್ ಆಯ್ದುಕೊಳ್ಳುವುದೊಂದೇ ದಾರಿ.

ಲ್ಯಾಗ್ ಇಲ್ಲ, ಆದರೆ ಗೆಳೆಯರ ದನಿ ಕೇಳದು, ಅವರ ಪಾರ್ಟಿಗೆ (ಆಟದ ಗುಂಪಿಗೆ) ಸೇರಲಾಗದು ಎಂದಾದರೆ ಅದು ನ್ಯಾಟ್ (ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಸಾಧನಗಳಿಗೆ ಹಂಚುವ ವ್ಯವಸ್ಥೆ) ತಾಪತ್ರಯ. ಎಕ್ಸ್‌ಬಾಕ್ಸ್‌ನಲ್ಲಿ ‘ಸ್ಟ್ರಿಕ್ಟ್’, ಪ್ಲೇಸ್ಟೇಷನ್‌ನಲ್ಲಿ ‘ಟೈಪ್ 3’, ನಿಂಟೆಂಡೊ ಸ್ವಿಚ್‌ನಲ್ಲಿ ‘ಡಿ’ ಎಂದು ಬಂದರೆ ಹೀಗಾಗುತ್ತದೆ. ರೌಟರ್‌ನಲ್ಲಿ ಯುಪಿಎನ್‌ಪಿ (ಕನ್ಸೋಲ್ ಕೇಳಿದ ಪೋರ್ಟನ್ನು, ಅಂದರೆ ಹೊರಗಿನಿಂದ ಒಳಬರುವ ಬಾಗಿಲನ್ನು, ತಾನೇ ತೆರೆಯುವ ಆಯ್ಕೆ) ಚಾಲೂ ಮಾಡಿ, ರೌಟರನ್ನೂ ಕನ್ಸೋಲನ್ನೂ ಪೂರ್ತಿ ಆಫ್ ಮಾಡಿ ಮತ್ತೆ ಹಚ್ಚಿ. ಸ್ಲೀಪ್ ಮೋಡ್ ಸಾಲದು. ಯುಪಿಎನ್‌ಪಿ ಬೇಡವೆನ್ನುವವರು ಪೋರ್ಟ್ ಫಾರ್ವರ್ಡ್ ಮಾಡಬಹುದು, ಅಂದರೆ ಆ ಬಾಗಿಲನ್ನು ಕೈಯಾರೆ ತೆರೆಯಬಹುದು (ಎಕ್ಸ್‌ಬಾಕ್ಸ್‌ಗೆ ಮುಖ್ಯವಾಗಿ 3074), ಆದರೆ ಮೊದಲು ಕನ್ಸೋಲ್‌ಗೆ ಡಿಎಚ್‌ಸಿಪಿ ರಿಸರ್ವೇಶನ್ ಕೊಟ್ಟು ಐಪಿ ವಿಳಾಸ ಕಾಯಂ ಮಾಡಿ. ಇಲ್ಲದಿದ್ದರೆ ವಿಳಾಸ ಬದಲಾದ ದಿನ ಮತ್ತೆ ಅದೇ ಗೋಳು.

ಇಷ್ಟಾದರೂ ಸರಿಹೋಗದಿದ್ದರೆ ರೌಟರ್‌ನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ (ಹೊರಗಿನ ನೆಟ್ ಕಡೆಯಿಂದ ರೌಟರ್‌ಗೆ ಸಿಕ್ಕ ವಿಳಾಸ) ನೋಡಿ. ಅದು 192.168 ಅಥವಾ 10ರಿಂದ ಶುರುವಾಗಿ, ಮನೆಯಲ್ಲಿ ಎರಡು ರೌಟರ್ ಇದ್ದರೆ, ಒಂದರ ಹಿಂದೆ ಒಂದು ನ್ಯಾಟ್ ಮಾಡುತ್ತಿವೆ ಎಂದರ್ಥ. ಎರಡರಲ್ಲೊಂದು ನ್ಯಾಟ್ ಮಾಡುವುದನ್ನು ನಿಲ್ಲಿಸಲು ಮೊದಲನೆಯದನ್ನು ಬ್ರಿಡ್ಜ್ ಮೋಡ್‌ಗೆ ಅಥವಾ ಎರಡನೆಯದನ್ನು ಆ್ಯಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿದರೆ ಮುಗಿಯಿತು. ವಿಳಾಸ 100.64ರಿಂದ 100.127ರೊಳಗೆ ಇದ್ದರೆ, ಇಲ್ಲವೇ ಒಂದೇ ರೌಟರ್ ಇದ್ದೂ 10ರಿಂದ ಶುರುವಾದರೆ, ಕಂಪನಿಯೇ ಒಂದು ಸಾರ್ವಜನಿಕ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚಿದೆ. ಆಗ ಮನೆಯಲ್ಲಿ ಎಷ್ಟು ಪೋರ್ಟ್ ತೆರೆದರೂ ವ್ಯರ್ಥ. ಪಬ್ಲಿಕ್ ಐಪಿ ಕೊಡಿ ಎಂದು ಕಂಪನಿಯನ್ನೇ ಕೇಳಬೇಕು. ಪ್ಲಾನ್ ಮಾರುವ ಕಂಪನಿಗಳು ಎಂಬಿಪಿಎಸ್ ಅಂಕಿಯನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕುತ್ತವೆ. ಪಬ್ಲಿಕ್ ಐಪಿ ಉಂಟೋ ಇಲ್ಲವೋ ಎಂಬುದನ್ನೂ ಅದರ ಪಕ್ಕದಲ್ಲೇ, ಅಷ್ಟೇ ದಪ್ಪಕ್ಷರದಲ್ಲಿ ಅಚ್ಚು ಹಾಕಲಿ.

ಇಂತಿ,
ಒಬ್ಬ ನೆಟ್‌ವರ್ಕ್ ತಂತ್ರಜ್ಞ